ಮೂರು ಕುದ್ರುಗಳ ಬಾಣಂತನ

ಹೋದ ತಿಂಗಳು ಬೆಂಗಳೂರಿನಿಂದ ನನ್ನ ತಂಗಿಯ ಸೊಸೆ ರಶ್ಮಿ ಬಂದಿದ್ದಳು. ಯೂನಿಯನ್ ಸಿಟಿಯ ನಮ್ಮ ಮನೆಯಲ್ಲಿ ಕೂತು ಎಷ್ಟೆಂದು ಟಿವಿ ನೋಡುತ್ತಾಳೆ, ಒಂದು ದಿನ ಸುತ್ತಾಡಿಸಿಕೊಂಡು ಬರೋಣ ಎಂದು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋಗಿ ಏಂಜಲ್ ಐಲ್ಯಾಂಡಿನ ಫೆರ್ರಿ ಹತ್ತಿಸಿದೆ. ದಡ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ಗೋಲ್ಡನ್ ಗೇಟ್ ಕಡೆಯಿಂದ ಆ ಗಾಳಿ ಬಂತು. ಡೀಸೆಲ್ ಹೊಗೆ, ಉಪ್ಪು, ಪಾಚಿ ಎಲ್ಲ ಕಲೆಸಿದ ವಾಸನೆಯ ಗಾಳಿ. ನನ್ನ ಎರಡೂ ಕೈ ತಾವಾಗಿಯೇ ಎದ್ದು ಕಿವಿ ಮುಚ್ಚಿಕೊಂಡವು.

“ಚಳಿನಾ ದೊಡ್ಡತ್ತೆ? ನನ್ನ ಸ್ಕಾರ್ಫು ಕೊಡ್ಲಾ?” ಎಂದಳು ರಶ್ಮಿ.

ಚಳಿಯಲ್ಲ, ಅಭ್ಯಾಸ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಫೋಟೋ ತೆಗೆಯುತ್ತಾ, ಮಾತಿನ ಮಧ್ಯೆ, “ನಿಮಗೆ ಪ್ರದೀಪ್ ಒಬ್ರೇ ಅಲ್ವಾ ಮಕ್ಕಳು?” ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹೇಳುವುದನ್ನು ನಾನು ಕಲಿತದ್ದು ಇದೇ ನೀರಿನ ಮೇಲೆ, ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಕಲಿಸಿದವರು ನನ್ನ ಅತ್ತೆ.

ಆಗ ನಾವಿದ್ದದ್ದು ಅಲಮೀಡಾದಲ್ಲಿ. ಓಕ್ಲೆಂಡಿಗೆ ಅಂಟಿಕೊಂಡ ಹಾಗೆ ಕಂಡರೂ ಅದೊಂದು ದ್ವೀಪ. ಓಕ್ಲೆಂಡಿನಿಂದ ಬರಬೇಕೆಂದರೆ ನೀರಿನಡಿಯ ಸುರಂಗದಲ್ಲಿ ನುಗ್ಗಿ ಬರಬೇಕು, ಇಲ್ಲವೇ ಸೇತುವೆ ದಾಟಬೇಕು. ಹಾಯಿದೋಣಿ ಬಂದರೆ ಸೇತುವೆಯೇ ಎದ್ದು ದಾರಿ ಬಿಡುತ್ತಿತ್ತು, ಕಾರುಗಳೆಲ್ಲ ಸಾಲುಗಟ್ಟಿ ತೆಪ್ಪಗೆ ಕಾಯುತ್ತಿದ್ದವು. ಹಾರ್ನ್ ಕೂಡ ಹೊಡೆಯದ ಊರು. ನನ್ನ ಗಂಡ ಸುರೇಂದ್ರ ಓಕ್ಲೆಂಡಿನಲ್ಲಿ ಇಂಜಿನಿಯರು, ನಾನು ಅಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆ ವರ್ಷ ಮೇ ಕೊನೆಗೆ ನನಗೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ನನಗೆ ತಾಯಿ ಇರಲಿಲ್ಲ, ಆದ್ದರಿಂದ ಬಾಣಂತನಕ್ಕೆ ಉಡುಪಿಯಿಂದ ಅತ್ತೆ ಬರುವುದೆಂದು ನಿಶ್ಚಯವಾಗಿತ್ತು. ಟಿಕೆಟ್ಟೂ ಆಗಿತ್ತು.

ಮಗು ಏಪ್ರಿಲ್‌ನಲ್ಲೇ ಹುಟ್ಟಿತು. ಹೆಣ್ಣು. ಒಂದು ಹಗಲು ಕೂಡ ಪೂರ್ತಿ ಇರಲಿಲ್ಲ. ನಾನಿನ್ನೂ ಆಸ್ಪತ್ರೆಯ ಮಂಚದಲ್ಲಿರುವಾಗಲೇ ಇವರು, ಜೊತೆಗೆ ಇಬ್ಬರು ಗೆಳೆಯರು, ಮಣ್ಣು ಮಾಡಿ ಬಂದರು. ಎಲ್ಲಿ ಎಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ.

ಇವರು ಉಡುಪಿಗೆ ಫೋನು ಮಾಡಿ, “ಇನ್ನು ಬರುವ ಅಗತ್ಯ ಇಲ್ಲಮ್ಮ” ಎಂದರಂತೆ. ಆ ಕಡೆಯಿಂದ ಅತ್ತೆ, “ನನ್ನ ಅಗತ್ಯ ನಿನಗೆಂತ ಗೊತ್ತು?” ಎಂದು ಫೋನು ಇಟ್ಟರಂತೆ. ಹೇಳಿದ ದಿನಕ್ಕೇ ಬಂದರು. ಏರ್‌ಪೋರ್ಟಿನಲ್ಲಿ ಅಧಿಕಾರಿಯೊಬ್ಬ ಬಾಣಂತಿ ಲೇಹ್ಯದ ಡಬ್ಬಿ ತೆರೆಸಿ ಇದೇನೆಂದು ಮೂಸಿ ನೋಡಿದನಂತೆ. ಅತ್ತೆಗೆ ಇಂಗ್ಲಿಷ್ ಬಾರದು. ಬೆರಳಲ್ಲಿ ಒಂದು ಉಂಡೆ ತೆಗೆದು ತಾವು ಬಾಯಿಗೆ ಹಾಕಿಕೊಂಡು, ಇನ್ನೊಂದು ಉಂಡೆ ಅವನ ಕಡೆ ಚಾಚಿದರಂತೆ. ಅವನು ಬೇಗ ಬೇಗ ಮುಚ್ಚಳ ಹಾಕಿ ಕಳಿಸಿಬಿಟ್ಟ.

ಲೇಹ್ಯ ಯಾಕೆ ತಂದರು ಎಂದು ನನಗೆ ಅಚ್ಚರಿ. ಮಾರನೆಯ ಬೆಳಿಗ್ಗೆಯೇ ತಿಳಿಯಿತು. ಎಣ್ಣೆ ಕಾಯಿಸಿಟ್ಟು, ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಸೆರಗು ಸಿಕ್ಕಿಸಿ ನನ್ನ ಎದುರು ನಿಂತರು.

“ಏಳು ವಿಜಯಾ. ಎಣ್ಣೆ ಹಚ್ಚುವ.”

“ಬೇಡಿ ಅತ್ತೆ. ಯಾರ ಬಾಣಂತನ ಇದು? ಮಗು ಎಲ್ಲಿದೆ?”

“ಬಾಣಂತನ ಮಗುವಿಗಲ್ಲ ಮಾರಾಯ್ತಿ, ಹೆತ್ತವಳಿಗೆ. ನೀನು ಹೆತ್ತಿದ್ದೀಯಲ್ಲ?”

ಆ ಮಾತನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಫ್ರೀಮಾಂಟಿನಿಂದ, ಲಾಸ್ ಆಲ್ಟೋಸಿನಿಂದ ಕನ್ನಡದ ಹೆಂಗಸರು ಸಾರು ಪಲ್ಯ ಹೊತ್ತುಕೊಂಡು ಬಂದಿದ್ದರು. ಎಲ್ಲರದೂ ಒಂದೇ ಪಾಠ: ಇನ್ನೂ ಚಿಕ್ಕ ವಯಸ್ಸು, ಮುಂದೆ ಆಗುತ್ತೆ, ಮರೆತುಬಿಡು. ಏನೂ ಆಗೇ ಇಲ್ಲವೆಂಬಂತೆ ಎಲ್ಲರೂ ಅಷ್ಟು ಜಾಗ್ರತೆಯಿಂದ ಮಾತಾಡಿದ್ದರು. ಅತ್ತೆಯೊಬ್ಬರೇ ಹೆತ್ತಿದ್ದೀಯ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಎದ್ದು ಹೋಗಿ ಎಣ್ಣೆಗೆ ತಲೆ ಕೊಟ್ಟೆ.

ಆಮೇಲೆ ನನ್ನ ಮಾತು ನಡೆಯಲೇ ಇಲ್ಲ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ, ಹಾಲು ಬತ್ತದ ಎದೆಗೆ ಇನ್ನೊಂದು ಬಟ್ಟೆ, ಊಟಕ್ಕೆ ಮೆಣಸಿನ ಸಾರು, ಮಲಗುವ ಮೊದಲು ಲೇಹ್ಯ, ಎರಡೂ ಕಿವಿಗೆ ಹತ್ತಿ, ಮೇಲೆ ಉಣ್ಣೆಯ ಮಫ್ಲರು. ಒಂದು ದಿನ ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಕೊಟ್ಟರು. ಅಪಾರ್ಟ್‌ಮೆಂಟಿನ ಹೊಗೆ ಗಂಟೆ ಅರಚಿಕೊಂಡು, ಕೆಳಗಿನ ಮನೆಯವರೆಲ್ಲ ಪಾರ್ಕಿಂಗಿಗೆ ಓಡಿ ಬಂದರು. ಅತ್ತೆ ಬಾಲ್ಕನಿಯಲ್ಲಿ ನಿಂತು ಅವರನ್ನು ನೋಡಿ, “ಇಷ್ಟು ಹೊಗೆಗೆ ಇಷ್ಟು ಜನವಾ?” ಎಂದು ಒಳಗೆ ಬಂದು ಕೆಂಡಕ್ಕೆ ಇನ್ನೊಂದು ಚಿಟಿಕೆ ಹಾಕಿದರು.

ನಗು ಬರಲಿಲ್ಲ. ಪರದೆ ಎಳೆದುಕೊಂಡು ಮಲಗುವುದೊಂದೇ ನನಗೆ ಬೇಕಾಗಿದ್ದದ್ದು. ಲ್ಯಾಬಿನಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ. ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಟ್ಟುಕೊಂಡಿದ್ದೆ. ಆಗಸ್ಟಿನಲ್ಲಿ ಅತ್ತೆ ವಾಪಸು ಹೋಗುವಾಗ ನಾನೂ ಹೋಗುವುದು, ಮೈಸೂರಿನ ಅಣ್ಣನ ಮನೆ ಸೇರುವುದು, ಮತ್ತೆ ಈ ನೀರು, ಈ ಮಂಜು, ಈ ಆಸ್ಪತ್ರೆ ಯಾವುದನ್ನೂ ನೋಡದಿರುವುದು. ಇವರು ಬಂದರೆ ಬರಲಿ, ಇಲ್ಲವಾದರೆ ಇಲ್ಲೇ ಇರಲಿ. ಅಷ್ಟು ಗಟ್ಟಿ ಮನಸ್ಸು ಮಾಡಿದ್ದೆ.

ಜೂನ್ ಹೊತ್ತಿಗೆ ಅತ್ತೆ ಸಂಜೆ ಹೊತ್ತು ಒಬ್ಬರೇ ನೀರಿನ ಅಂಚಿಗೆ ನಡೆದು ಹೋಗಿ ಬರುತ್ತಿದ್ದರು. ಇಳಿತದ ಸಮಯದ ಕೆಸರಿನ ವಾಸನೆಗೆ ನಾನು ಮೂಗು ಮುಚ್ಚಿದರೆ ಅವರು ಉಸಿರೆಳೆದುಕೊಳ್ಳುತ್ತಿದ್ದರು. ಅವರು ಹುಟ್ಟಿ ಬೆಳೆದದ್ದು ಉಡುಪಿ ಕಡೆಯ ಕುದ್ರುವಿನಲ್ಲಿ. ಹೊಳೆಯ ನಡುವಿನ ದ್ವೀಪಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಹತ್ತು ಹನ್ನೆರಡು ಮನೆ, ತೆಂಗು, ಒಂದು ದೋಣಿ. ಒಂದು ಸಂಜೆ ಬಂದವರೇ ಮಗನನ್ನು ಕೇಳಿದರು.

“ಮಾಣೀ, ಈ ಊರೂ ಕುದ್ರುವೇ ಅಲ್ವಾ? ನೆರೆಕರೆಯಲ್ಲಿ ಬೇರೆ ಕುದ್ರು ಎಷ್ಟುಂಟು?”

ಇವರು ಪಾಪ, ಅಮ್ಮನಿಗೆ ಊರು ನೋಡುವ ಆಸೆ ಬಂತು ಎಂದುಕೊಂಡು ನಕ್ಷೆ ಬಿಡಿಸಿ ತೋರಿಸಿದರು. ಪಕ್ಕದಲ್ಲೇ ಬೇ ಫಾರ್ಮ್ ಐಲ್ಯಾಂಡ್, ಕೊಲ್ಲಿಯ ನಡುವೆ ಟ್ರೆಷರ್ ಐಲ್ಯಾಂಡ್, ಆಚೆ ಏಂಜಲ್ ಐಲ್ಯಾಂಡ್. ಎಲ್ಲಕ್ಕಿಂತ ಹೆಸರಾದದ್ದು ಆಲ್ಕಟ್ರಾಜ್, ಹಳೇ ಜೈಲು, ಅದನ್ನೇ ಮೊದಲು ನೋಡೋಣ ಎಂದರು.

“ಜೈಲಲ್ಲಿ ಈಗ ಒಲೆ ಉರೀತದಾ?”

“ಇಲ್ಲಮ್ಮ, ಈಗ ಯಾರೂ ವಾಸ ಇಲ್ಲ.”

“ಹಾಗಾದ್ರೆ ಬೇಡ. ಉಳಿದ ಮೂರು ಸಾಕು.” ಆಮೇಲೆ ನನ್ನ ಕಡೆ ತಿರುಗಿದರು. “ನಮ್ಮ ಕುದ್ರಲ್ಲಿ ಬಾಣಂತಿ ನೀರು ದಾಟದೆ ಬಾಣಂತನ ಮುಗಿಯುದಿಲ್ಲ. ಮೂರು ಕುದ್ರಿಗೆ ಹೋಗ್ಬೇಕು. ಒಲೆ ಉರಿಯುವ ಒಂದೊಂದು ಮನೆಯಲ್ಲಿ ತೆಂಗಿನಕಾಯಿ ಕೊಟ್ಟು, ಮಗುವಿನ ಹೆಸರು ತಾಯಿಯೇ ಬಾಯಿಬಿಟ್ಟು ಹೇಳ್ಬೇಕು. ಅವರು ತಿನ್ಲಿಕ್ಕೆ ಏನು ಕೊಡ್ತಾರೋ ಒಂದು ತುತ್ತು ತಿನ್ಬೇಕು. ಆಮೇಲೆ ಕಿವಿಯ ಹತ್ತಿ ತೆಗೆಯುದು.”

“ಹೆಸರು ಯಾಕೆ ಹೇಳ್ಬೇಕು?” ಎಂದೆ.

“ಮಳೆಗಾಲದಲ್ಲಿ ನೆರೆ ಬಂದ್ರೆ ದೋಣಿ ತರುವವರು ಹೆಸರು ಹಿಡಿದು ಕೂಗುದು ಬೇಡ್ವಾ? ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರ್ಬೇಕಲ್ಲ.”

“ಈಗ ಯಾರನ್ನು ಕೂಗ್ಬೇಕು ಅತ್ತೆ? ನನ್ನ ಮಗುವಿಗೆ ಹೆಸರೇ ಇಲ್ಲ.”

ಅದು ಸುಳ್ಳು. ಹೆಸರಿತ್ತು. ಹೊಟ್ಟೆಯಲ್ಲಿದ್ದಾಗಲೇ ಇಟ್ಟಿದ್ದೆ, ಇವರಿಗೂ ಹೇಳಿರಲಿಲ್ಲ. ನಾಮಕರಣದ ದಿನ ಹೇಳೋಣ ಎಂದಿದ್ದೆ. ಅತ್ತೆ ನನ್ನ ಮುಖವನ್ನೇ ನೋಡಿ, “ಇಲ್ಲದಿದ್ರೆ ಇಡು. ಹೆಸರಿಲ್ಲದೆ ಕಳಿಸ್ಲಿಕ್ಕೆ ಅದೆಂತ ಬೆಕ್ಕಿನ ಮರಿಯಾ?” ಎಂದು ಅಡುಗೆಮನೆಗೆ ಹೋದರು.

ಮೊದಲ ಶನಿವಾರ ಬೇ ಫಾರ್ಮಿಗೆ. ಅದಕ್ಕೆ ದೋಣಿ ಬೇಕಿಲ್ಲ, ಸೇತುವೆ ದಾಟಿದರೆ ಆಯಿತು. ಸೇತುವೆಯೆಂದರೆ ಅತ್ತೆಗೆ ಅಸಮಾಧಾನ. “ನೀರು ಕೆಳಗುಂಟಲ್ಲ, ಸಾಕು” ಎಂದು ತಮಗೆ ತಾವೇ ಹೇಳಿಕೊಂಡರು. ಓಕ್ಲೆಂಡಿನ ಚೀನಿಯರ ಅಂಗಡಿಯಿಂದ ತಂದ ತೆಂಗಿನಕಾಯಿ ಒಂದು ಚೀಲದಲ್ಲಿ. ಬೇಸಿಗೆಯ ಬಿಸಿಲಲ್ಲಿ ಮಫ್ಲರು ಸುತ್ತಿಕೊಂಡು ನಡೆಯುವ ನನ್ನನ್ನು ಸೈಕಲ್ಲಿನವರು ತಿರುಗಿ ತಿರುಗಿ ನೋಡುತ್ತಿದ್ದರು. ಹುಲ್ಲಿಗೆ ನೀರು ಹಾಯಿಸುತ್ತಿದ್ದ ಒಬ್ಬ ವಯಸ್ಸಾದ ಹೆಂಗಸಿನ ಮುಂದೆ ಅತ್ತೆ ನಿಂತರು, ಕಾಯಿ ತೆಗೆದು ನನ್ನ ಕೈಗಿತ್ತರು. ನಾನು ಏನೋ ತೊದಲಿದೆ, ನಮ್ಮ ಕಡೆಯ ಪದ್ಧತಿ, ನೆರೆಯವರಿಗೆ ಕಾಯಿ ಕೊಡುವುದು. ಆಕೆಗೆ ಖುಷಿಯೋ ಖುಷಿ. ಒಳಗಿನಿಂದ ತಣ್ಣನೆಯ ನೀರು ತಂದುಕೊಟ್ಟು, ಮಾತಿಗೆ, ಮಕ್ಕಳಿದ್ದಾರಾ ಎಂದು ಕೇಳಿದಳು.

“ನೋ” ಎಂದೆ.

ದಾರಿಯಲ್ಲಿ ಅತ್ತೆ, “ಎಂತ ಕೇಳಿದ್ದು ಅವಳು?” ಎಂದರು.

“ಟೈಮು ಎಷ್ಟಾಯ್ತು ಅಂತ.”

“ಟೈಮಿಗೆ ನೋ ಅಂತಾರಾ?” ಎಂದು ಮುಂದೆ ನಡೆದರು. ಆ ಒಂದು ಪದ ಅವರಿಗೆ ಗೊತ್ತಿತ್ತು.

ಎರಡನೆಯದು ಟ್ರೆಷರ್ ಐಲ್ಯಾಂಡ್. ಬೇ ಬ್ರಿಜ್ಜಿನ ನಡುವೆ ಇಳಿದು ಹೋಗಬೇಕು. ಆಗ ಅಲ್ಲಿ ನೌಕಾಪಡೆಯ ಠಾಣೆ, ನಾವಿಕರ ಸಂಸಾರಗಳ ಮನೆಗಳು. ಗೇಟಿನಲ್ಲಿ ಬಿಳಿ ಟೋಪಿಯ ಕಾವಲುಗಾರ. ಅವನಿಗೆ ಕಾಯಿ ಯಾಕೆಂದು ಹೇಳುವ ಕೆಲಸ ಇವರ ಪಾಲಿಗೆ ಬಂತು. ಇವರು ಕಾರಿನಿಂದ ಇಳಿದು, ಕೈ ಹಿಸುಕಿಕೊಂಡು, “ನನ್ನ ಹೆಂಡತಿಗೆ ಮಗುವಾಗಿದೆ, ನಮ್ಮೂರಲ್ಲಿ ಒಂದು ಪದ್ಧತಿ” ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ಅವನ ಮುಖ ಅರಳಿತು. ಕೈ ಚಾಚಿ ಇವರ ಕೈ ಕುಲುಕಿ, ಕಂಗ್ರಾಜುಲೇಷನ್ಸ್, ಗಂಡೋ ಹೆಣ್ಣೋ ಎಂದ. ಇವರು ಕೈ ಕೊಟ್ಟವರು ಕೊಟ್ಟ ಹಾಗೇ ನಿಂತುಬಿಟ್ಟರು.

ನಾನು ಕಾರಿನ ಬಾಗಿಲು ಧಡಾರನೆ ಹಾಕಿಕೊಂಡು ಕೂತೆ. ವಾಪಸು ಬರುವಾಗ ಸೇತುವೆಯ ಮೇಲೆ ಒಂದೇ ಸಮನೆ ಕೂಗಾಡಿದೆ. ನನ್ನ ಗೋಳು ಊರಿಗೆಲ್ಲ ಹಂಚುವ ಪದ್ಧತಿ ಇದು, ಇನ್ನು ನನ್ನಿಂದಾಗದು, ಅತ್ತೆಯ ಜೊತೆ ನನಗೂ ಟಿಕೆಟ್ ತೆಗೆಸಿ, ವಾಪಸು ಬರುವ ಟಿಕೆಟ್ ಬೇಡ ಎಂದೆ. ಇವರು ನಮ್ಮೂರಿನ ತಿರುವು ದಾಟಿ ಎಷ್ಟೋ ದೂರ ಹೋದ ಮೇಲೆ ಕಾರು ತಿರುಗಿಸಿದರು. ಮಗುವಾಗಿದೆ ಎಂದು ಈ ಮನುಷ್ಯ ಯಾರಿಗೋ ಹೇಳಿದ್ದು ಇದೇ ಮೊದಲು ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ನನ್ನ ದುಃಖವೇ ನನಗೆ ದೊಡ್ಡದಾಗಿತ್ತು.

ಬೆಳಿಗ್ಗೆ ಅತ್ತೆ ಮೆಣಸು ಹುರಿಯುತ್ತಾ ಹೇಳಿದರು.

“ಬಾ, ನನ್ನ ಜೊತೆಗೇ ಬಾ. ಮೈಸೂರಿಗೆ ನಾನೇ ಬಿಟ್ಟು ಬರ್ತೇನೆ. ಆದ್ರೆ ಅರ್ಧ ಬಾಣಂತನ ಹೊತ್ತುಕೊಂಡು ಬರುವವಳನ್ನು ಕರಕೊಂಡು ಹೋಗುದಿಲ್ಲ. ಇನ್ನೊಂದು ಕುದ್ರು ಉಂಟು.”

“ಅದೊಂದು ಮುಗಿಸಿದ್ರೆ ಬಿಡ್ತೀರಾ?”

“ಮುಗಿಸಿದ್ರೆ ಬಿಡ್ತೇನೆ. ಮುಗಿಸುದು ಅಂದ್ರೆ ಮುಗಿಸುದು.”

ಸರಿ, ಕಷಾಯ ಕುಡಿದ ಹಾಗೆ ಕಣ್ಣು ಮುಚ್ಚಿ ಕುಡಿದು ಮುಗಿಸೋಣ ಎಂದು ಹಲ್ಲು ಕಚ್ಚಿದೆ. ಅತ್ತೆಗೆ ಹಟ ಇದ್ದರೆ ನನಗೂ ಇತ್ತು.

ಏಂಜಲ್ ಐಲ್ಯಾಂಡಿಗೆ ನಿಜವಾದ ದೋಣಿ. ಮೈಸೂರಿನ ಕಾರಂಜಿ ಕೆರೆ ನೋಡಿ ಬೆಳೆದ ನನಗೆ ದೋಣಿ ಹತ್ತಿ ಗೊತ್ತಿರಲಿಲ್ಲ. ಫೆರ್ರಿ ಓಲಾಡತೊಡಗಿತು. ಇವರು ಒಂದು ಕಂಬ, ನಾನು ಇನ್ನೊಂದು ಕಂಬ ಹಿಡಿದು ನಿಂತಿದ್ದೆವು. ಅತ್ತೆ ಮಾತ್ರ ಕಾಲು ಅಗಲಿಸಿ, ಸೆರಗು ಬಿಗಿದು, ಏನನ್ನೂ ಹಿಡಿಯದೆ ನಡುವೆ ನಿಂತಿದ್ದರು. ಗಾಳಿ ಜೋರಾದಾಗಲೆಲ್ಲ “ಕಿವಿ, ಕಿವಿ” ಎಂದು ಕೂಗುತ್ತಿದ್ದರು. ನನ್ನ ಕೈ ಕಿವಿಗೆ ಹೋಗುತ್ತಿತ್ತು. ಆ ಮಟ್ಟಿಗೆ ನಾನು ವಿಧೇಯ ಸೊಸೆಯಾಗಿಬಿಟ್ಟಿದ್ದೆ.

ದ್ವೀಪದಲ್ಲಿ ಎಲ್ಲರೂ ಬುತ್ತಿ ಬಿಚ್ಚುತ್ತಾ ಹುಲ್ಲಿನ ಮೇಲೆ ಕೂತರೆ, ನಾವು ಒಲೆ ಹುಡುಕಿಕೊಂಡು ಹೊರಟೆವು. ಪಾರ್ಕು ನೋಡಿಕೊಳ್ಳುವವರ ಒಂದೆರಡು ಸಂಸಾರ ಅಲ್ಲೇ ವಾಸವಿವೆ ಎಂದು ಟಿಕೆಟ್ಟಿನವನು ಹೇಳಿದ್ದ. ಏರುದಾರಿ. ತಿಂಗಳುಗಟ್ಟಲೆ ಮಲಗಿದ್ದ ಕಾಲು ನನ್ನದು, ಪ್ರತಿ ತಿರುವಿನಲ್ಲೂ ಕೂರಬೇಕೆನ್ನಿಸುತ್ತಿತ್ತು. ಅತ್ತೆ ನಿಲ್ಲಲೇ ಇಲ್ಲ. ನೀಲಗಿರಿ ಮರಗಳಾಚೆ ಒಂದು ಬಿಳಿ ಮನೆ, ಅಂಗಳದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅತ್ತೆ ಕಾಯಿಯನ್ನು ನನ್ನ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದರು.

“ನೀನೇ ಹೇಳು. ನಾವ್ಯಾರೂ ಬಾಯಿ ಹಾಕುದಿಲ್ಲ.”

ಇದು ಕೊನೆಯದು, ಹೇಳಿ ಮುಗಿಸಿ ಹೋಗುವುದು ಎಂದುಕೊಂಡು ಬಾಯಿ ತೆರೆದೆ. ನಮ್ಮ ಕಡೆ ಹೆಂಗಸಿಗೆ ಮಗುವಾದರೆ ಪಕ್ಕದ ದ್ವೀಪದ ಮನೆಗಳಿಗೆ ಹೋಗಿ ಹೆಸರು ಹೇಳಿ ಬರಬೇಕು ಎಂದೆ. ಆಕೆ ನಗುತ್ತಾ ನಮ್ಮ ಮೂವರ ಕೈಗಳನ್ನೂ ನೋಡಿದಳು. ಮಗುವನ್ನು ಹುಡುಕುತ್ತಿದ್ದಳು. ಅವಳ ನಗು ನಿಂತಿತು.

“ಅವಳು ಹೋಗಿಬಿಟ್ಟಳು” ಎಂದೆ. “ಅವಳ ಹೆಸರು ಮೃಣಾಲಿನಿ.”

ನನ್ನ ಹಿಂದೆ ಇವರು ಉಸಿರೆಳೆದುಕೊಂಡದ್ದು ಕಿವಿಯ ಹತ್ತಿಯೊಳಗೂ ಕೇಳಿಸಿತು. ಮಗಳ ಹೆಸರನ್ನು ಅವರು ಕೇಳಿದ್ದು ಅದೇ ಮೊದಲು. ನಲ್ಲಿಯ ಹತ್ತಿರ ಹೋಗಿ ಬಗ್ಗಿ ಮುಖಕ್ಕೆ ನೀರು ಹಾಕಿಕೊಳ್ಳತೊಡಗಿದರು. ಎಷ್ಟು ಹೊತ್ತಾದರೂ ಏಳಲಿಲ್ಲ.

ಆ ಹೆಂಗಸು ಅಯ್ಯೋ ಎನ್ನಲಿಲ್ಲ, ಮುಂದೆ ಆಗುತ್ತದೆ ಎನ್ನಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಬುಟ್ಟಿಗೆ ಹಾಕಿ, ಕಾಯಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಇನ್ನೊಮ್ಮೆ ಹೇಳು, ನಾನೂ ಹೇಳಬೇಕು ಎಂದಳು. ಹೇಳಿದೆ. ಆಕೆ ಹೇಳಿದಳು. ಒಳಗೆ ಹೋಗಿ, ಆಗತಾನೇ ಒಲೆಯಿಂದ ತೆಗೆದ ಜೋಳದ ಬ್ರೆಡ್ಡು ತಂದಳು. ಇಲ್ಲಿಗೆ ಬಂದ ಮೇಲೆ ಅತ್ತೆ ಬೇರೆಯವರ ಅಡುಗೆ ಒಂದು ಅಗುಳೂ ಮುಟ್ಟಿರಲಿಲ್ಲ. ಅದರಲ್ಲಿ ಮೊಟ್ಟೆ ಇರುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೂ ಗುಮಾನಿ ಇದ್ದಿರಬೇಕು, ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ಮುರಿದು ಬಾಯಿಗೆ ಹಾಕಿಕೊಂಡರು.

“ಸಿಹಿ ಸ್ವಲ್ಪ ಕಡಿಮೆ” ಎಂದರು.

ನಾನು ಅತ್ತದ್ದು ಆಮೇಲೆ, ಇಳಿದಾರಿಯಲ್ಲಿ. ನಗುತ್ತಿದ್ದ ಹಾಗೇ ಅಳು ಬಂತು. ಇವರು ಪಕ್ಕದಲ್ಲಿ ನಡೆಯುತ್ತಾ ಆ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ದೋಣಿ ಕಾಯುವಾಗ ಮೆಲ್ಲಗೆ, “ಅವಳನ್ನು ಇಟ್ಟಿರೋ ಜಾಗದಲ್ಲಿ ಒಂದು ಕಲ್ಲು ಹಾಕ್ಸಿದೀನಿ ವಿಜಯಾ. ಏನು ಬರೆಸ್ಬೇಕು ಅಂತ ಗೊತ್ತಾಗ್ದೆ ಖಾಲಿ ಬಿಟ್ಟಿದೀನಿ” ಎಂದರು. ನಾನು ಅವರ ತೋಳು ಹಿಡಿದುಕೊಂಡೆ. ಏಪ್ರಿಲ್‌ನಿಂದ ಹಿಡಿದಿರಲಿಲ್ಲ.

ಇಷ್ಟಾದ ಮೇಲೆ ಮುಗಿಯಿತು ಎಂದುಕೊಂಡರೆ, ವಾಪಸು ಬರುವ ಫೆರ್ರಿಯಲ್ಲಿ ಅತ್ತೆ ಹೇಳಿದರು.

“ಎರಡು ಮನೆ ಬಾಕಿ ಉಂಟು. ಅಲ್ಲಿ ಹೆಸರು ಹೇಳಿಲ್ಲ.”

“ಅಮ್ಮಾ, ಮತ್ತೆ ಆ ಗೇಟಿಗಾ?” ಎಂದರು ಇವರು.

“ಮತ್ತೆಂತ? ಮುಗಿಸುದು ಅಂದ್ರೆ ಮುಗಿಸುದು.”

ಈ ಸಲ ನಾನು ಬೇಡವೆನ್ನಲಿಲ್ಲ. ಟ್ರೆಷರ್ ಐಲ್ಯಾಂಡಿನ ಗೇಟಿನಲ್ಲಿ ಅವನೇ ಇದ್ದ. ಒಳಗೆ ಹೋಗುವ ಹಾಗಿರಲಿಲ್ಲ, ಇವನ ಒಲೆಯೂ ಈ ಕುದ್ರಲ್ಲೇ ಉರಿಯುದಲ್ವಾ, ಇವನಿಗೇ ಹೇಳಿದ್ರೆ ಸಾಕು ಎಂದರು ಅತ್ತೆ. ಇವರೇ ಮುಂದೆ ಹೋಗಿ, ಹೋದ ಸಲ ನೀನು ಕೇಳಿದ್ದೆಯಲ್ಲ, ಹೆಣ್ಣು, ಉಳಿಯಲಿಲ್ಲ ಎಂದರು. ಹೆಸರು ನಾನು ಹೇಳಿದೆ. ಅವನು ಟೋಪಿ ತೆಗೆದು ಎದೆಗಿಟ್ಟುಕೊಂಡ. ತಿನ್ನಲು ಏನಾದರೂ ಕೊಡಬೇಕು ಎಂದರೆ ಜೇಬೆಲ್ಲ ತಡಕಿ ಚೂಯಿಂಗ್ ಗಮ್ ಕೊಟ್ಟ. ಅತ್ತೆ ಅಲಮೀಡಾ ತಲುಪುವವರೆಗೂ ಅದನ್ನು ಅಗಿದು, “ಇದನ್ನು ಯಾವಾಗ ನುಂಗುದು?” ಎಂದು ಕೇಳಿದರು.

ಬೇ ಫಾರ್ಮಿನ ಅಜ್ಜಿ ಆವತ್ತೂ ಹುಲ್ಲಿಗೆ ನೀರು ಹಾಯಿಸುತ್ತಿದ್ದಳು. ನಮ್ಮನ್ನು ಕಂಡು, ಇನ್ನೊಂದು ಕಾಯಿಯೇ ಎಂದು ನಕ್ಕಳು. ಆವತ್ತು ನೀವು ಮಕ್ಕಳ ವಿಷಯ ಕೇಳಿದ್ದಿರಿ, ನನಗೆ ಒಬ್ಬಳು ಮಗಳು ಎಂದೆ. ಹೆಸರು ಹೇಳಿದೆ, ಆದದ್ದನ್ನೂ ಹೇಳಿದೆ. ಆಕೆ ಪೈಪು ಕೆಳಗೆ ಹಾಕಿ ಹಿತ್ತಲಿಗೆ ಹೋಗಿ, ಮರದಿಂದ ಆಪ್ರಿಕಾಟ್ ಕಿತ್ತು ತಂದು ನಮ್ಮ ಮೂವರ ಕೈಗೂ ಹಾಕಿದಳು. ಬಿಸಿಲಿಗೆ ಕಾದು ಬೆಚ್ಚಗಿದ್ದವು. ಮೂವರೂ ರಸ ಸುರಿಸಿಕೊಂಡು ತಿಂದೆವು.

ಸೇತುವೆಯ ಮೇಲೆ ಬಂದಾಗ ಅತ್ತೆ ನಿಂತರು.

“ಬಗ್ಗು.”

ಬಗ್ಗಿದೆ. ಮಫ್ಲರು ಬಿಚ್ಚಿ, ಎಡಗಿವಿಯ ಹತ್ತಿ, ಬಲಗಿವಿಯ ಹತ್ತಿ ಎಳೆದು ತೆಗೆದು ನೀರಿಗೆ ಹಾಕಿದರು. ಅಲ್ಲಿಯವರೆಗೆ ದೂರದಲ್ಲೆಲ್ಲೋ ಇದ್ದ ಊರು ಒಂದೇ ಸಲಕ್ಕೆ ಕಿವಿಯೊಳಗೆ ನುಗ್ಗಿತು. ಕೆಳಗೆ ನೀರು, ಮೇಲೆ ವಿಮಾನ, ಹಿಂದೆ ಯಾರದೋ ಮಗು ಐಸ್‌ಕ್ರೀಮಿಗೆ ರಚ್ಚೆ ಹಿಡಿದ ಸದ್ದು. ಎಲ್ಲ ಕೇಳಿಸಿತು. ನೋವಾಯಿತು, ಆದರೆ ಕಿವಿ ಮುಚ್ಚಿಕೊಳ್ಳಲಿಲ್ಲ.

“ಈಗ ಬೇಕಾದ್ರೆ ಮೈಸೂರಿಗೆ ಬಾ” ಎಂದರು ಅತ್ತೆ.

ಸೋಮವಾರ ಲ್ಯಾಬಿಗೆ ಹೋದೆ. ಆಗಸ್ಟಿನಲ್ಲಿ ಅತ್ತೆ ಒಬ್ಬರೇ ವಿಮಾನ ಹತ್ತಿದರು. ಅಷ್ಟರಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಆಗಿತ್ತು, ಮೂವರೂ ಹೋಗಿ ನೋಡಿ ಬಂದಿದ್ದೆವು. ಪ್ರದೀಪ ಹುಟ್ಟಿದಾಗ ಅತ್ತೆ ಮತ್ತೆ ಬಂದರು, ಮತ್ತೆ ಮೂರು ಕುದ್ರು ಸುತ್ತಿಸಿದರು. ಪ್ರತಿ ಮನೆಯಲ್ಲೂ ಎರಡು ಹೆಸರು ಹೇಳಿಸಿದರು.

ಅತ್ತೆ ಈಗಿಲ್ಲ. ಗಾಳಿಗೆ ಕೂದಲು ಹಾರಾಡಿಸಿಕೊಂಡು ರಶ್ಮಿ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಕಿವಿಯಿಂದ ಕೈ ತೆಗೆದೆ.

“ಇಬ್ಬರು ಕಣಮ್ಮ” ಎಂದೆ. “ದೊಡ್ಡವಳು ಮೃಣಾಲಿನಿ. ಬಾ ಕೂತ್ಕೋ, ಹೇಳ್ತೀನಿ.”